ಅಡಿಕೆ ದರ, ಊರಲ್ಲೇ ಕೆಲಸ: ಮಾತು ಕೊಟ್ಟವರ ಕೈಯಲ್ಲಿ ಏನಿದೆ?

2023ರ ಫೆಬ್ರುವರಿ 14ರಂದು ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಹೊರದೇಶದಿಂದ ಬರುವ ಅಡಿಕೆಯ ಕನಿಷ್ಠ ಆಮದು ಬೆಲೆ ಕೆ.ಜಿ.ಗೆ 251 ರೂಪಾಯಿ ಇದ್ದದ್ದು 351 ಆಯಿತು. ಅದಾದ ಮೂರು ತಿಂಗಳೊಳಗೆ, ಮೇ 10ರಂದು, ಕರ್ನಾಟಕದಲ್ಲಿ ವಿಧಾನಸಭೆಗೆ ಮತದಾನ. ಮಲೆನಾಡಿನಲ್ಲಿ ಈ ಅಂಕಿ ಪ್ರಚಾರದ ವೇದಿಕೆ ಏರಿದ್ದು ಸಹಜವೇ. ಆದರೆ ಅಂಕಿ ತೋಟದ ಮನೆಯ ಜಗುಲಿಗೆ ಬರುವಷ್ಟರಲ್ಲಿ ಅದರ ಅರ್ಥ ಬದಲಾಗಿತ್ತು. ಅಡಿಕೆಗೆ ಸರ್ಕಾರ 351 ರೂಪಾಯಿ ಖಾತ್ರಿ ಮಾಡಿದೆ ಎಂದು ನಂಬಿದವರು ಹಲವರಿದ್ದರು. ಅಧಿಸೂಚನೆಯಲ್ಲಿ ಅಂಥ ಮಾತು ಎಲ್ಲೂ ಇರಲಿಲ್ಲ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯನ್ನು ನಾಡು ಬಲ್ಲದ್ದು ಕುವೆಂಪು ಹುಟ್ಟಿದ ಊರೆಂದು. 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಅಲ್ಲಿ ಅವರು ಹುಟ್ಟಿದರು. ಸುತ್ತಿನವರಿಗೆ ಅದು ತೋಟದ ಸೀಮೆಯ ಒಂದು ಊರು. ಅಡಿಕೆ, ಅದರ ಮೈಗೆ ಹಬ್ಬಿದ ಕಾಳುಮೆಣಸು, ಮೇಲಿನ ಇಳಿಜಾರಿನಲ್ಲಿ ಕಾಫಿ, ತಗ್ಗಿನಲ್ಲಿ ಉಳಿದಷ್ಟು ಗದ್ದೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಬದುಕು ಬಹುಪಾಲು ಇಷ್ಟರಲ್ಲೇ ನಡೆಯುತ್ತದೆ. ಈ ಮೂರೂ ಸೇರಿರುವ ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ 2023ರಲ್ಲಿ ಕಾಂಗ್ರೆಸ್ಸಿನ ಟಿ.ಡಿ. ರಾಜೇಗೌಡರು ಬಿಜೆಪಿಯ ಡಿ.ಎನ್. ಜೀವರಾಜ್ ಅವರ ಎದುರು ಗೆದ್ದದ್ದು ಕೇವಲ 201 ಮತಗಳಿಂದ. ಗೆಲುವು ಸೋಲು ಇಷ್ಟು ಹತ್ತಿರ ಇರುವ ಕಡೆ ಮಾತು ಧಾರಾಳವಾಗುತ್ತದೆ. ಇಲ್ಲಿ ಪ್ರತಿ ಚುನಾವಣೆಯಲ್ಲೂ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, ಹೊರಗಿನ ಅಡಿಕೆ ತಡೆದು ನಮ್ಮ ಅಡಿಕೆಗೆ ಬೆಲೆ ಉಳಿಸುತ್ತೇವೆ. ಇನ್ನೊಂದು, ನಮ್ಮ ಹುಡುಗರು ಬೆಂಗಳೂರಿಗೆ ಹೋಗದಂತೆ ಇಲ್ಲೇ ಕೆಲಸ ಕೊಡುತ್ತೇವೆ. ಯಾವ ಪಕ್ಷದ ಮಾತು ಎನ್ನುವುದಕ್ಕಿಂತ, ಆ ಮಾತು ನಡೆಸಿಕೊಡಲು ಬೇಕಾದದ್ದು ಮಾತಾಡಿದವರ ಕೈಯಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದು ನನಗೆ ಮುಖ್ಯ.

ಕನಿಷ್ಠ ಆಮದು ಬೆಲೆ ಎಂದರೆ ಏನು? ಸರಕಿನ ಬೆಲೆ, ವಿಮೆ, ಸಾಗಣೆ ಸೇರಿ ನಮ್ಮ ಬಂದರು ತಲಪುವಷ್ಟರಲ್ಲಿ ಅಡಿಕೆಯ ಲೆಕ್ಕ ಕೆ.ಜಿ.ಗೆ 351 ರೂಪಾಯಿಗಿಂತ ಕಡಿಮೆ ಇದ್ದರೆ ಅದನ್ನು ಒಳಗೆ ಬಿಡುವುದಿಲ್ಲ. ಹೆಚ್ಚಿದ್ದರೆ ಸುಂಕ ಕಟ್ಟಿ ತರಬಹುದು. ಅಡಿಕೆಯ ಮೂಲ ಆಮದು ಸುಂಕ ನೂರಕ್ಕೆ ನೂರು. ಇದು ಆಮದುದಾರನ ಬಿಲ್ಲಿಗೆ ಹಾಕಿದ ಕಟ್ಟು. ಕೊಪ್ಪದ ಮಂಡಿಯಲ್ಲಿ ಖರೀದಿದಾರ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳಿಗೆ ಎಷ್ಟು ಕೊಡಬೇಕು ಎಂದು ಇದು ಹೇಳುವುದಿಲ್ಲ. ಭತ್ತ, ರಾಗಿಗಳ ಬೆಂಬಲ ಬೆಲೆಯಲ್ಲಿ ಕೊಳ್ಳಲು ಒಂದು ಸರ್ಕಾರಿ ಏಜೆನ್ಸಿಯಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ.

ಈ ಕ್ರಮ ವ್ಯರ್ಥವೆಂದು ನಾನು ಹೇಳುತ್ತಿಲ್ಲ. 2013ರಲ್ಲಿ 110 ರೂಪಾಯಿ, 2015ರಲ್ಲಿ 162, 2017ರಲ್ಲಿ 251, 2023ರಲ್ಲಿ 351. ಮನಮೋಹನ್ ಸಿಂಗ್ ಸರ್ಕಾರವೂ ಏರಿಸಿತು, ಮೋದಿ ಸರ್ಕಾರವೂ ಏರಿಸಿತು. ಬೆಳೆಗಾರರ ಸಂಘಗಳು, ಸಹಕಾರಿಗಳು, ಸಂಸದರು ದೆಹಲಿಗೆ ಹೋಗಿ ಕೂತು ಮಾಡಿಸಿದ ಕೆಲಸ ಇದು. ವಾಣಿಜ್ಯ ಸಚಿವಾಲಯದ ಒಂದು ಸಹಿ ಸಾಕಾಗುವ ಕೆಲಸವಾದ್ದರಿಂದ, 'ಆಮದು ಬೆಲೆ ಏರಿಸುತ್ತೇವೆ' ಎಂದು ಕೇಂದ್ರದಲ್ಲಿ ಆಳುವ ಪಕ್ಷದವರು ಹೇಳಿದರೆ ಅದನ್ನು ನಂಬಬಹುದು. ಅದೇ ಉಸಿರಿನಲ್ಲಿ 'ಆದ್ದರಿಂದ ನಿಮ್ಮ ಅಡಿಕೆಗೆ ಇಷ್ಟು ಬೆಲೆ ಗ್ಯಾರಂಟಿ' ಎಂದರೆ ನಂಬುವಂತಿಲ್ಲ.

ಯಾಕೆಂದರೆ ಈ ಬೇಲಿಗೆ ಸಂದುಗಳಿವೆ. ನೆರೆಯ ಕೆಲವು ದೇಶಗಳ ಜತೆ ನಮಗೆ ಸುಂಕ ವಿನಾಯಿತಿಯ ಒಪ್ಪಂದಗಳಿವೆ. ಸುಂಕವೇ ಇಲ್ಲದ, ಅಥವಾ ತೀರಾ ಕಡಿಮೆ ಇರುವ ಕಡೆಯಿಂದ ತರುವವನಿಗೆ ಬಿಲ್ಲಿನಲ್ಲಿ 351 ಎಂದು ಬರೆಸಿಕೊಳ್ಳಲು ಕಷ್ಟವೇನಿಲ್ಲ. ಬರೆಸಿದ ಹೆಚ್ಚುವರಿ ಮೊತ್ತ ಬೇರೆ ದಾರಿಯಲ್ಲಿ ವಾಪಸಾಗುತ್ತದೆ. ಮ್ಯಾನ್ಮಾರ್ ಗಡಿಯಿಂದ ಈಶಾನ್ಯ ರಾಜ್ಯಗಳ ಮೂಲಕ ಲಾರಿಯಲ್ಲಿ ನುಗ್ಗುವ ಅಡಿಕೆಗಂತೂ ಬಿಲ್ಲೇ ಇರುವುದಿಲ್ಲ. ಮತ್ತೊಂದು ದಾರಿ ಹೆಸರು ಬದಲಿಸುವುದು. ಅಡಿಕೆಯನ್ನು ಹುರಿದು, ಅಥವಾ ಬೇರೆ ತಿನಿಸಿನ ಶೀರ್ಷಿಕೆಯಲ್ಲಿ ತೋರಿಸಿ ತರುವ ಕೆಲಸ ನಡೆಯುತ್ತಲೇ ಬಂತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ ಅದೇ 351ರ ಕಟ್ಟು ಹಾಕಬೇಕಾಯಿತು. ಒಂದು ಸಂದು ಮುಚ್ಚಲು ಎರಡು ವರ್ಷ ಹಿಡಿಯಿತು ಎನ್ನುವುದನ್ನು ಗಮನಿಸಬೇಕು.

ಇದರ ಪಾಠ ಕಾಳುಮೆಣಸಿನಲ್ಲಿ ಮೊದಲೇ ಸಿಕ್ಕಿತ್ತು. 2016ರ ಹೊತ್ತಿಗೆ ಕೆ.ಜಿ.ಗೆ 700 ರೂಪಾಯಿಯ ಆಸುಪಾಸು ಇದ್ದ ಮೆಣಸು ಇಳಿಯತೊಡಗಿದಾಗ, 2017ರ ಡಿಸೆಂಬರಿನಲ್ಲಿ ಕೇಂದ್ರ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಮೂರು ತಿಂಗಳು ಕಳೆದು ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನೇ ನಿಷೇಧಿಸಿತು. ಆದರೂ ಮುಂದಿನ ಎರಡು ವರ್ಷ ನಮ್ಮ ಬೆಳೆಗಾರನಿಗೆ ಸಿಕ್ಕಿದ್ದು ಮುನ್ನೂರರ ಆಜುಬಾಜಿನ ದರ. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂನಲ್ಲಿ ಬೆಲೆ ಕುಸಿದಿತ್ತು. ಆಸಿಯಾನ್ ಒಪ್ಪಂದದಡಿ ಅಲ್ಲಿಂದ ನೇರವಾಗಿ ತಂದರೆ ಸುಂಕ ಭಾರ; ಶ್ರೀಲಂಕಾದ ಮೆಣಸೆಂದು ತೋರಿಸಿದರೆ ದಕ್ಷಿಣ ಏಷ್ಯಾ ದೇಶಗಳ ಸಾಫ್ತಾ ಒಪ್ಪಂದದಲ್ಲಿ ನೂರಕ್ಕೆ ಎಂಟು ಮಾತ್ರ, ಅದರ ಮೇಲೆ ಶ್ರೀಲಂಕಾದ ಜತೆಗಿನ ಬೇರೊಂದು ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ನಿಗೆ ಸುಂಕವೇ ಇಲ್ಲ. ಆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರಲ್ಲಿ. ಆವತ್ತು ಯಾರೂ ಅದನ್ನು ಕೊಪ್ಪದ ಚುನಾವಣೆಯ ವಿಷಯ ಮಾಡಲಿಲ್ಲ. ಅದರ ಪರಿಣಾಮ ನಮ್ಮ ಅಂಗಳಕ್ಕೆ ಬಂದು ಮುಟ್ಟಿದ್ದು ಇಪ್ಪತ್ತು ವರ್ಷದ ನಂತರ. ವ್ಯಾಪಾರದ ಮಾತುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ: ಕೊಟ್ಟ ಭರವಸೆಗಳಿಗಿಂತ ಯಾರೂ ಹೇಳದೆ ಮಾಡಿದ ಒಪ್ಪಂದಗಳು ನಮ್ಮ ದರವನ್ನು ಹೆಚ್ಚು ಕಾಲ ಹಿಡಿದಿಡುತ್ತವೆ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿ ಪ್ರಾದೇಶಿಕ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿದದ್ದು ಮಲೆನಾಡಿನ ಮಟ್ಟಿಗೆ ಯಾವ ಪ್ರಣಾಳಿಕೆಗಿಂತ ದೊಡ್ಡ ನಿರ್ಧಾರ.

ಇನ್ನು ಭೂತಾನಿನ ಅಡಿಕೆ. 2022ರ ಸೆಪ್ಟೆಂಬರಿನಲ್ಲಿ, ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಜಯಗಾಂವ್ ಗಡಿಯ ಮೂಲಕ ತರಲು ಕೇಂದ್ರ ಒಪ್ಪಿತು. ಆಗ ಎದ್ದ ಗದ್ದಲ ನೆನಪಿರಬಹುದು. ವಿರೋಧ ಪಕ್ಷ 'ಬೆಳೆಗಾರನ ಬೆನ್ನಿಗೆ ಇರಿತ' ಎಂಬ ಧಾಟಿಯಲ್ಲಿ ಮಾತಾಡಿತು, ಆಳುವ ಪಕ್ಷ 'ಏನೂ ಆಗುವುದಿಲ್ಲ' ಎಂದಿತು. ಲೆಕ್ಕ ಹಾಕಿ ನೋಡೋಣ. ದೇಶದ ಅಡಿಕೆ ಉತ್ಪಾದನೆ ವರ್ಷಕ್ಕೆ 12 ಲಕ್ಷ ಟನ್ ದಾಟುತ್ತದೆ. 17,000 ಟನ್ ಅದರ ನೂರಕ್ಕೆ ಒಂದೂವರೆ ಪಾಲೂ ಅಲ್ಲ, ಅದೂ ಹಸಿ ಅಡಿಕೆ, ಒಣಗಿದರೆ ತೂಕ ಇನ್ನೂ ಇಳಿಯುತ್ತದೆ. ಆ ಪ್ರಮಾಣವೊಂದೇ ನಮ್ಮ ದರ ಕೆಡಿಸಲಾರದು. ಆ ಪರವಾನಗಿಯ ನೆರಳಿನಲ್ಲಿ ಬೇರೆ ದೇಶದ ಮಾಲು ಎಷ್ಟು ನುಸುಳುತ್ತದೆ ಎನ್ನುವುದೇ ಕೇಳಬೇಕಾದ ಪ್ರಶ್ನೆಯಾಗಿತ್ತು. ಎರಡೂ ಕಡೆಯವರು ಅದರ ಸುತ್ತ ಮಾತು ಬೆಳೆಸಲಿಲ್ಲ. ಗಡಿ ತಪಾಸಣೆಯ ವಿಷಯ ಭಾಷಣಕ್ಕೆ ರುಚಿಸುವುದಿಲ್ಲ.

2014ರಲ್ಲಿ ಕೆಂಪಡಿಕೆಯ ದರ ಯಾರೂ ಊಹಿಸದಷ್ಟು ಮೇಲೆ ಹೋಗಿ, ಎರಡೇ ವರ್ಷದಲ್ಲಿ ನೆಲಕ್ಕೆ ಬಂತು. ಆ ಏರಿಕೆಗೂ ಇಳಿಕೆಗೂ ಯಾವ ಪ್ರಣಾಳಿಕೆಯೂ ಕಾರಣವಲ್ಲ. ಗುಟ್ಕಾ, ಪಾನ್ ಮಸಾಲಾ ಕಾರ್ಖಾನೆಗಳ ಖರೀದಿ, ದಾಸ್ತಾನುಗಾರರ ಲೆಕ್ಕಾಚಾರ, ಬೆಳೆಯ ಪ್ರಮಾಣ, ನ್ಯಾಯಾಲಯದ ತೀರ್ಪಿನ ಭಯ: ಇವೆಲ್ಲ ಸೇರಿ ಎಳೆದಾಡುವ ಮಾರುಕಟ್ಟೆ ಅದು. ಕಾಫಿಯದಂತೂ ಇನ್ನೂ ದೂರದ ಕೈ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ದಾಖಲೆ ಬೆಲೆ ಮುಟ್ಟಿದ್ದಕ್ಕೆ ಮುಖ್ಯ ಕಾರಣ ಬ್ರೆಜಿಲ್‌ನ ಬರ. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಭಾರತದ ಸರಕಿನ ಮೇಲೆ ನೂರಕ್ಕೆ 50ರ ಸುಂಕ ಹೇರಿದರು. ತಮ್ಮ ದೇಶದ ಉದ್ಯೋಗ ಉಳಿಸುತ್ತೇನೆಂದು ಅವರೂ ತಮ್ಮ ಮತದಾರರಿಗೆ ಮಾತು ಕೊಟ್ಟೇ ಬಂದವರು. ನವೆಂಬರಿನಲ್ಲಿ ಅಮೆರಿಕದ ಅಡುಗೆಮನೆಯ ಬಿಲ್ಲು ಏರಿದಾಗ ಕಾಫಿ, ಚಹಾ, ಸಾಂಬಾರ ಪದಾರ್ಥಗಳನ್ನು ಹೆಚ್ಚುವರಿ ಸುಂಕದಿಂದ ಹೊರಗಿಟ್ಟರು. ಸುಂಕ ಹಾಕಿದ್ದೂ ತೆಗೆದದ್ದೂ ಅವರ ಮತದಾರರಿಗಾಗಿ. ಅದರ ಏಟು ಮತ್ತು ಸಮಾಧಾನ ಎರಡನ್ನೂ ಉಂಡವರಲ್ಲಿ ನಮ್ಮ ಬೆಳೆಗಾರರಿದ್ದರು.

ಹೊರಗಿನವರ ಕೈಯಲ್ಲಿರುವ ವ್ಯಾಪಾರವನ್ನು ನಂಬಿ ಇಡೀ ಊರನ್ನೇ ಕಟ್ಟಿದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಶೃಂಗೇರಿಯ ನೆರೆಯ ಕುದುರೆಮುಖದಲ್ಲಿ 1976ರಲ್ಲಿ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಇರಾನ್ ಸಾಲ ಕೊಡುತ್ತದೆ, ಇರಾನೇ ಅದಿರು ಕೊಳ್ಳುತ್ತದೆ ಎಂಬುದು ಒಪ್ಪಂದ. ವರ್ಷಕ್ಕೆ 75 ಲಕ್ಷ ಟನ್ ಸಾಂದ್ರಿತ ಅದಿರು ಕಳಿಸುವಷ್ಟು ದೊಡ್ಡ ಘಟಕ ಎದ್ದಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಅಲ್ಲಿನ ದೊರೆ ಶಾ ಓಡಿಹೋದ. ಕೊಳ್ಳುವವನೇ ಇಲ್ಲದೆ ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿ ವರ್ಷಗಟ್ಟಲೆ ಒದ್ದಾಡಿತು, ಹೇಗೋ ನಿಂತಿತು. ಆಮೇಲೆ ಕಾಡು ಮತ್ತು ಭದ್ರೆಯ ನೀರಿನ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ಮುಗಿಯಿತು. ಗಣಿ ನಿಂತದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆ ಕಾಡು ಹೋಗಿದ್ದರೆ ಮರಳಿ ಬರುತ್ತಿರಲಿಲ್ಲ. ಆದರೆ ಅಲ್ಲಿ ದುಡಿಯುತ್ತಿದ್ದ ಮನೆಗಳಿಗೆ ಆ ದಿನಾಂಕ ಏನು ತಂದಿತು ಎನ್ನುವುದನ್ನೂ ಮರೆಯಬಾರದು. ಭದ್ರಾವತಿಯ ಕಥೆಯೂ ಹಾಗೆಯೇ. 1918ರಲ್ಲಿ ಬುನಾದಿ ಕಂಡ ಉಕ್ಕಿನ ಕಾರ್ಖಾನೆಯನ್ನು ಉಳಿಸುತ್ತೇವೆ ಎಂಬ ಮಾತು ಎಷ್ಟು ಚುನಾವಣೆಗಳಲ್ಲಿ ಕೇಳಿಲ್ಲ? 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಬಂತು. ಮರುವರ್ಷ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಪುನಶ್ಚೇತನದ ಮಾತಾಡಿದರು.

ಹಾಗಾದರೆ ಉದ್ಯೋಗದ ಮಾತೆಲ್ಲ ಸುಳ್ಳೇ? ಅಲ್ಲ. ಅದಕ್ಕೆ ಸಾಕ್ಷಿ ಇದೇ ಕ್ಷೇತ್ರದಲ್ಲಿದೆ, ಎಚ್.ಜಿ. ಗೋವಿಂದೇಗೌಡರು. ಕೊಪ್ಪದ ಈ ಸ್ವಾತಂತ್ರ್ಯ ಹೋರಾಟಗಾರ ಶೃಂಗೇರಿ ಕ್ಷೇತ್ರದಿಂದ ಗೆದ್ದು 1994ರಿಂದ 1999ರವರೆಗೆ ದೇವೇಗೌಡ, ಜೆ.ಎಚ್. ಪಟೇಲರ ಸರ್ಕಾರಗಳಲ್ಲಿ ಶಿಕ್ಷಣ ಸಚಿವರಾಗಿದ್ದರು. ಅವರ ಕಾಲದಲ್ಲಿ ರಾಜ್ಯದಲ್ಲಿ ಸುಮಾರು ಒಂದು ಲಕ್ಷ ಶಿಕ್ಷಕರ ನೇಮಕ ನಡೆಯಿತು. ಅಂಕ ಇದ್ದವರಿಗೆ ಕೆಲಸ. ಲಂಚ ಇಲ್ಲ, ಶಿಫಾರಸು ಇಲ್ಲ. ಇವತ್ತು ನಿವೃತ್ತಿಯ ಅಂಚಿನಲ್ಲಿರುವ ಎಷ್ಟೋ ಮೇಷ್ಟರು, ಟೀಚರುಗಳು 'ಒಂದು ರೂಪಾಯಿ ಕೊಡದೆ ಕೆಲಸ ಸಿಕ್ಕಿದ ಬ್ಯಾಚು ನಮ್ಮದು' ಎಂದು ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಮೊದಲ ಸಲ ತಿಂಗಳ ಸಂಬಳ ಕಂಡ ಕುಟುಂಬಗಳು ಅವು. 2016ರ ಜನವರಿಯಲ್ಲಿ ಗೋವಿಂದೇಗೌಡರು ತೀರಿಕೊಂಡಾಗ ರಾಜ್ಯದ ಮೂಲೆಮೂಲೆಯ ಶಾಲೆಗಳಲ್ಲಿ ಅವರನ್ನು ನೆನೆದವರು ಬರೀ ಪಕ್ಷದವರಲ್ಲ.

ಆ ಕೆಲಸ ಯಾಕೆ ಆಯಿತು ಎಂದು ಬಿಡಿಸಿ ನೋಡಬೇಕು. ಹುದ್ದೆಗಳು ಮಂಜೂರಾಗಿದ್ದವು. ಸಂಬಳ ರಾಜ್ಯದ ಬಜೆಟ್ಟಿನಿಂದ ಬರುತ್ತಿತ್ತು. ಇಲಾಖೆ ಸಚಿವರ ಕೈಯಲ್ಲೇ ಇತ್ತು. ನಿಯಮ ಸರಳವಾಗಿತ್ತು, ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದಿತ್ತು. ಇರಾನಿನ ಶಾ, ವಿಯೆಟ್ನಾಂನ ಬೆಳೆ, ನ್ಯೂಯಾರ್ಕಿನ ದರ ಯಾವುದೂ ಅಡ್ಡ ಬರುವಂತಿರಲಿಲ್ಲ. ಉಳಿದದ್ದು ಪ್ರಾಮಾಣಿಕತೆಯ ಪ್ರಶ್ನೆ ಮಾತ್ರ, ಅದೂ ಅವರಲ್ಲಿತ್ತು. ಎಲ್ಲ ಅನುಕೂಲವಿದ್ದೂ ಕೊನೆಯದೊಂದು ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು 2021ರ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ತೋರಿಸಿತು. ಅಕ್ರಮ ಬಯಲಾಗಿ ಇಡೀ ನೇಮಕಾತಿ ರದ್ದಾಯಿತು. ಪ್ರಾಮಾಣಿಕವಾಗಿ ಓದಿ ಬರೆದವರ ವರ್ಷಗಳೂ ಅದರ ಜತೆಗೇ ಹೋದವು.

ಈಗಿನ ಮಾತು ನೋಡಿ. 2023ರ ಪ್ರಣಾಳಿಕೆಯಲ್ಲಿ ಕಾಂಗ್ರೆಸ್, ಸರ್ಕಾರದಲ್ಲಿ ಖಾಲಿ ಇರುವ ಮಂಜೂರಾದ ಹುದ್ದೆಗಳನ್ನು ಒಂದು ವರ್ಷದಲ್ಲಿ ತುಂಬುವುದಾಗಿ ಹೇಳಿತ್ತು. ಇದು ಗೋವಿಂದೇಗೌಡರ ಕಾಲದ ಕೆಲಸದಂಥದ್ದೇ, ಸರ್ಕಾರದ ಕೈಯಲ್ಲೇ ಇರುವಂಥದ್ದು. ವರ್ಷ ಕಳೆದು ಮತ್ತೆ ವರ್ಷ ಬಂದರೂ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಎಂದು ಸರ್ಕಾರದ ಲೆಕ್ಕವೇ ಹೇಳಿತು. ನಡುವೆ 2024ರ ಅಕ್ಟೋಬರಿನಲ್ಲಿ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಂಪುಟ ನಿರ್ಧರಿಸಿತು. ಒಳಮೀಸಲಾತಿ ನ್ಯಾಯದ ಪ್ರಶ್ನೆ, ಕಾದದ್ದರಲ್ಲಿ ತಪ್ಪಿಲ್ಲ. ಆದರೆ ಆ ಪ್ರಶ್ನೆ 2023ರಲ್ಲೂ ಎಲ್ಲರ ಕಣ್ಣ ಮುಂದೆ ಇತ್ತು. 'ಒಂದು ವರ್ಷ' ಎಂದು ಬರೆದವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಕೆಲಸ ಸಿಗದ ಯುವಕರಿಗೆ ಭತ್ಯೆ ಕೊಡುವ ಯುವನಿಧಿ ನಡೆದಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಅದಕ್ಕೆ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500, ಗರಿಷ್ಠ ಎರಡು ವರ್ಷ. ಹಣ ಬಜೆಟ್ಟಿನಲ್ಲಿದೆ, ಖಾತೆಗೆ ಬೀಳುತ್ತದೆ, ಆದ್ದರಿಂದ ಕೊಡಬಹುದಾದ ಮಾತು. ಕೆಲಸ ಹುಡುಕುವವನಿಗೆ ಬಸ್ಸಿನ ಖರ್ಚು, ಪರೀಕ್ಷೆಯ ಶುಲ್ಕಕ್ಕೆ ಒದಗುವ ಆಸರೆ ಅದು. ಅದನ್ನು ಉದ್ಯೋಗದ ಲೆಕ್ಕದಲ್ಲಿ ಸೇರಿಸಿ ಹೇಳುವುದು ಮಾತ್ರ ಸರಿಯಲ್ಲ. ಕೇಂದ್ರದ ಕಡೆ ನೋಡಿದರೆ, 2024ರ ಜುಲೈ ಬಜೆಟ್ಟಿನಲ್ಲಿ ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ ದೇಶದ 500 ದೊಡ್ಡ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಎಂದು ಘೋಷಣೆಯಾಯಿತು, ತಿಂಗಳಿಗೆ 5,000 ರೂಪಾಯಿ. ಪ್ರಾಯೋಗಿಕ ಹಂತದ ಮೊದಲ ಸುತ್ತಿನಲ್ಲಿ ಲಕ್ಷಕ್ಕೂ ಮೀರಿ ಅವಕಾಶಗಳಿದ್ದರೂ ಹೋಗಿ ಸೇರಿಕೊಂಡವರು ಹತ್ತು ಸಾವಿರ ಮುಟ್ಟಲಿಲ್ಲ. ಕಂಪನಿ ಇರುವ ಊರಿನಲ್ಲಿ ಬಾಡಿಗೆ ಕಟ್ಟಿ ಊಟ ಮಾಡಲು 5,000 ಸಾಲದು ಎಂಬುದು ಹಿರೇಕೊಡಿಗೆಯ ಯಾವ ತಂದೆತಾಯಿಗೂ ಗೊತ್ತಿರುವ ಸಂಗತಿ.

ಸ್ಥಳೀಯರಿಗೇ ಕೆಲಸ ಎಂಬ ಮಾತಿನ ಗತಿ ಇನ್ನೂ ಬೇಸರದ್ದು. ಡಾ. ಸರೋಜಿನಿ ಮಹಿಷಿ ವರದಿ 1986ರಿಂದ ಕಾದಿದೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಹರಿಯಾಣ ಮಾಡಿದ್ದ ಇಂಥದೇ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲೇ ರದ್ದು ಮಾಡಿತ್ತು. ಆ ತೀರ್ಪು ನಮ್ಮ ಕಾನೂನು ಇಲಾಖೆಯ ಮೇಜಿನ ಮೇಲಿರುವಾಗ, ಅದನ್ನು ದಾಟುವ ದಾರಿ ಯೋಚಿಸದೆ ಮಸೂದೆ ತಂದದ್ದು ಕನ್ನಡದ ಹುಡುಗರಿಗೆ ಮಾಡಿದ ಉಪಕಾರವಲ್ಲ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ವೇದಿಕೆಯಲ್ಲಿ ಯಾರೂ ಎತ್ತದ ಮುಖ. ಓದಿದವರಿಗೆ ಕೆಲಸವಿಲ್ಲ ಎನ್ನುವ ಊರುಗಳಲ್ಲೇ ತೋಟಕ್ಕೆ ಜನ ಸಿಗುತ್ತಿಲ್ಲ. ಮಳೆಗಾಲಕ್ಕೆ ಮುಂಚೆ ಮರ ಏರಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು, ಕೊನೆ ಕೊಯ್ಯುವವರು, ಸುಲಿಯುವವರು, ಹಂಡೆಯ ಮುಂದೆ ನಿಂತು ಚೊಗರು ಹದ ಮಾಡಿ ಬೇಯಿಸುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅಸ್ಸಾಂ, ಜಾರ್ಖಂಡ್, ಉತ್ತರ ಕರ್ನಾಟಕದಿಂದ ಬಂದವರು ತೋಟಗಳನ್ನು ಹಿಡಿದು ನಿಲ್ಲಿಸಿದ್ದಾರೆ. ನಲವತ್ತು, ಐವತ್ತು ಅಡಿ ಎತ್ತರದ ಮರದಿಂದ ಮರಕ್ಕೆ ತೂಗಿ ದಾಟುವ ಕೆಲಸ ಪ್ರಾಣದ ಜತೆಗಿನ ಕೆಲಸ. ಬಿದ್ದರೆ ಮುಂದಿನ ಬದುಕು ಹಾಸಿಗೆಯಲ್ಲಿ. ಆ ಕೆಲಸಕ್ಕೆ ತರಬೇತಿ, ಗಟ್ಟಿಯಾದ ಅಪಘಾತ ವಿಮೆ, ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ ಸಾಕಷ್ಟು ಸಹಾಯಧನ, ಊರಿಗೊಂದು ಕೆಲಸಗಾರರ ತಂಡ: ಇವು ಉದ್ಯೋಗದ ಮಾತುಗಳೇ. ಒಬ್ಬ ಯುವಕ ತೋಟದ ಕೆಲಸವನ್ನು ಮರ್ಯಾದೆಯ, ಭದ್ರತೆಯ, ವರ್ಷಪೂರ್ತಿ ಆದಾಯದ ಕೆಲಸವೆಂದು ಒಪ್ಪಿಕೊಂಡರೆ ಅದೂ ಒಂದು ಉದ್ಯೋಗವೇ. ಶಾಸಕರು, ಜಿಲ್ಲಾ ಪಂಚಾಯಿತಿ, ಸಹಕಾರ ಸಂಘಗಳು ಸೇರಿ ಮಾಡಬಲ್ಲ ಕೆಲಸ ಇದು. ಐ.ಟಿ. ಪಾರ್ಕಿನ ಮಾತಿನ ಎದುರು ಇದು ಸಪ್ಪೆಯಾಗಿ ಕೇಳಿಸುತ್ತದೆ, ಅಷ್ಟೇ.

ಬೆಲೆಯ ವಿಷಯದಲ್ಲೂ ನಮ್ಮವರು ತಾವೇ ಕಟ್ಟಿಕೊಂಡದ್ದೇ ಹೆಚ್ಚು ನಿಂತಿದೆ. 1939ರಲ್ಲಿ ಶಿವಮೊಗ್ಗದಲ್ಲಿ ಅಡಿಕೆ ಮಾರಾಟದ ಸಹಕಾರಿ ಮ್ಯಾಮ್‌ಕೋಸ್ ಹುಟ್ಟಿತು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ದರ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಸೇರಿಸಿ 1973ರ ಜುಲೈ 11ರಂದು ಕ್ಯಾಂಪ್ಕೋ ಕಟ್ಟಿದರು. ಮಾರುಕಟ್ಟೆಯಲ್ಲಿ ಸಹಕಾರಿಯೊಂದು ಕೊಳ್ಳಲು ನಿಂತರೆ ವ್ಯಾಪಾರಿ ತೀರಾ ಕೆಳಗೆ ಇಳಿಸಲಾರ. ಜಗತ್ತಿನ ದರವನ್ನು ಅದು ತಡೆಯಲಾರದು. ಬೆಳೆಗಾರ ಒಂಟಿಯಾಗಿ ಮಂಡಿಯ ಮುಂದೆ ನಿಲ್ಲುವುದನ್ನು ತಪ್ಪಿಸಬಲ್ಲದು.

ಆದರೆ ಈ ಮೂರು ತಾಲ್ಲೂಕುಗಳಲ್ಲಿ ದರಕ್ಕಿಂತ ಆಳದ ಸಂಕಟ ಒಂದಿದೆ. ಮಾರಲು ಅಡಿಕೆಯೇ ಇಲ್ಲದ ತೋಟಗಳು. ಹಳದಿ ಎಲೆ ರೋಗ ಬಂದ ತೋಟದಲ್ಲಿ ಗರಿ ಹಳದಿಯಾಗಿ, ಸುಳಿ ಸೊರಗಿ, ಫಸಲು ವರ್ಷ ವರ್ಷ ಇಳಿದು, ಕೊನೆಗೆ ಮರ ಬರೀ ಕಂಬವಾಗಿ ಉಳಿಯುತ್ತದೆ. ಕೇರಳದಲ್ಲಿ ನೂರು ವರ್ಷದ ಹಿಂದೆಯೇ ಕಂಡ ರೋಗ ಇದು. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಹೊಡೆದರೆ ವಾಸಿಯಾಗುವ ಔಷಧಿ ಇಲ್ಲ. ಇರುವ ದಾರಿ ರೋಗ ತಾಳಿಕೊಂಡ ಮರಗಳನ್ನು ಹುಡುಕಿ ಸಸಿ ಮಾಡುವುದು. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಅದು ನಿಜಕ್ಕೂ ರೋಗ ತಡೆಯುತ್ತದೋ ಎಂದು ತಿಳಿಯಲು ಇನ್ನಷ್ಟು ವರ್ಷ. ಅಂದರೆ ಒಂದು ಪ್ರಯೋಗ ಮುಗಿಯುವುದರೊಳಗೆ ಎರಡು ಮೂರು ಚುನಾವಣೆ ಆಗಿಹೋಗಿರುತ್ತವೆ. ಅಡಿಕೆ ಬೆಳೆಗಾರರ ಸಂಕಷ್ಟದ ಬಗೆಗಿನ ಗೋರಖ್ ಸಿಂಗ್ ಸಮಿತಿಯ ವರದಿ ಜಾರಿ ಮಾಡುತ್ತೇವೆ ಎಂಬ ಮಾತನ್ನು ಈ ಭಾಗದವರು ಹಲವು ಸಲ ಕೇಳಿದ್ದಾರೆ. 2021ರ ರಾಜ್ಯ ಬಜೆಟ್ಟಿನಲ್ಲಿ ಯಡಿಯೂರಪ್ಪನವರು ಹಳದಿ ಎಲೆ ರೋಗದ ಸಂಶೋಧನೆ ಮತ್ತು ಪರ್ಯಾಯ ಬೆಳೆಗೆ 25 ಕೋಟಿ ಘೋಷಿಸಿದರು. ಅದರ ಬೆನ್ನಿಗೇ ಎಲೆಚುಕ್ಕಿ ರೋಗ ಹಬ್ಬಿತು. ಸಂಶೋಧನೆಗೆ ಬೇಕಾದದ್ದು ಒಂದು ವರ್ಷದ ದೊಡ್ಡ ಮೊತ್ತಕ್ಕಿಂತ, ಇಪ್ಪತ್ತು ವರ್ಷ ಕೈಬಿಡದ ಸಣ್ಣ ಮೊತ್ತ.

ಅದು ಆಗದ ಕೆಲಸವೇನಲ್ಲ, ಇದೇ ನೆಲದಲ್ಲಿ ಆಗಿದೆ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ, 1910ರಲ್ಲಿ ವರದಿ ಬರೆದು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬೆಳೆಗಾರರಿಗೆ ಒಪ್ಪಿಸಿದರು. ನೂರು ವರ್ಷ ದಾಟಿದರೂ ಮೇ ಕೊನೆಗೆ ನಾವು ಹೊಡೆಯುವುದು ಅದನ್ನೇ. ಕಾಫಿಗೆ 1915ರಲ್ಲಿ ಕೊಪ್ಪದಲ್ಲೇ ತಾತ್ಕಾಲಿಕ ಪ್ರಯೋಗ ಕೇಂದ್ರ ತೆರೆಯಿತು. 1925ರಲ್ಲಿ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ ಶಾಶ್ವತ ಕೇಂದ್ರ ನೆಲೆ ನಿಂತು ಈಗಲೂ ಹೊಸ ತಳಿ ಕೊಡುತ್ತಿದೆ. ಯಾರ ಓಟಿಗೂ ಕಾಯದೆ ಆದ ಕೆಲಸಗಳು ಇವು. ಓಟು ಇರುವ ನಮಗೆ ಅಷ್ಟನ್ನಾದರೂ ಕೇಳಿ ಪಡೆಯುವ ಹಕ್ಕು ಹೆಚ್ಚೇ ಇರಬೇಕು.

ಅಡಿಕೆಯ ಮೇಲಿನ ಕ್ಯಾನ್ಸರ್ ಕಳಂಕ ತೊಡೆಯುತ್ತೇವೆ ಎಂಬ ಭರವಸೆಯನ್ನೂ ಇಲ್ಲಿ ಹೇಳಬೇಕು, ಹೇಳಲು ಸಂಕಟವಾದರೂ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ 2004ರಲ್ಲಿ ಪ್ರಕಟಿಸಿದೆ. ಪ್ರಯೋಗಾಲಯ ಏನು ಹೇಳುತ್ತದೆ ಎಂದು ಯಾವ ಸಚಿವರೂ ಮೊದಲೇ ಮಾತು ಕೊಡುವಂತಿಲ್ಲ. ಅವರು ಕೊಡಬಹುದಾದದ್ದು ಎರಡು: ಮುಕ್ತವಾದ ಸಂಶೋಧನೆಗೆ ಹಣ, ಮತ್ತು ನಾಳೆ ಬೇಡಿಕೆ ಇಳಿದರೆ ತೋಟದ ಮನೆಗಳು ಬದುಕಲು ಈಗಿನಿಂದಲೇ ಎರಡನೆಯ ಬೆಳೆ. ಎರಡನೆಯದನ್ನು ಹೇಳುವ ಧೈರ್ಯ ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ.

ಇಂಥ ಮಾತುಗಳನ್ನು ಊರಿನ ಹತ್ತಿರದಲ್ಲೇ ಕೇಳಬೇಕಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ಕ್ಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅವು ಅಧಿಕಾರಿಗಳ ಕೈಯಲ್ಲೇ ನಡೆದವು. ತೋಟದ ಕೆಲಸಗಾರರ ತರಬೇತಿ, ಸಹಾಯಧನದ ಪಟ್ಟಿ, ಗ್ರಾಮದ ರಸ್ತೆ ಎಲ್ಲವನ್ನೂ ಹತ್ತಿರದಿಂದ ಕೇಳಬಹುದಾಗಿದ್ದ ಜಾಗ ಅದು. ಮುಂದೆ ಯಾವ ಚುನಾವಣೆಗೆ ಯಾರು ಬಾಗಿಲಿಗೆ ಬಂದರೂ ಕೇಳಲು ಪ್ರಶ್ನೆಗಳಿವೆ. ಶೃಂಗೇರಿಯ ಅಡಿಕೆ ಸಂಶೋಧನಾ ಕೇಂದ್ರದಲ್ಲಿ ಮಂಜೂರಾದ ವಿಜ್ಞಾನಿ ಹುದ್ದೆ ಎಷ್ಟು, ಕುಳಿತು ಕೆಲಸ ಮಾಡುತ್ತಿರುವವರು ಎಷ್ಟು? ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಂತಿರುವುದು ಪಂಚಾಯಿತಿಯ ಮಳೆಮಾಪಕದ ಮೇಲೆ. ನಮ್ಮ ಪಂಚಾಯಿತಿಯ ಮಾಪಕ ಕಳೆದ ಜುಲೈನಲ್ಲಿ ಎಷ್ಟು ದಿನ ಸರಿಯಾಗಿತ್ತು? ಮರದಿಂದ ಬಿದ್ದ ಕೊನೆಗಾರನಿಗೆ ಈ ತಾಲ್ಲೂಕಿನಲ್ಲಿ ಎಷ್ಟು ಪರಿಹಾರ ಸಿಕ್ಕಿತು, ಎಷ್ಟು ತಿಂಗಳಿಗೆ? ಇವುಗಳಿಗೆ ದೆಹಲಿಯ ಅನುಮತಿ ಬೇಡ, ಬ್ರೆಜಿಲ್‌ನ ಮಳೆ ನೋಡಬೇಕಾಗಿಲ್ಲ. ಉತ್ತರ ಗೊತ್ತಿಲ್ಲದವರು ಒಂದು ವಾರ ಬಿಟ್ಟು ತಿಳಿದುಕೊಂಡು ಬರಲಿ. ಆಮೇಲೆ ಆಮದು ಬೆಲೆಯ ಮಾತಿಗೆ ಕೂರೋಣ.